ಖೂನ, ಖೂಣ

ಇಷ್ಟು ವರ್ಷ ಕ್ರೈಮ್ ಸಿನಿಮಾ ಮಾಡಿದ್ದೇನೆ, ಒಂದು ತೊಟ್ಟು ರಕ್ತ ತೋರಿಸಿಲ್ಲ. ಇದನ್ನು ಹೇಳಲು ನನಗೆ ಸಂಕೋಚವೂ ಇಲ್ಲ, ವಿನಯವೂ ಇಲ್ಲ. ನನ್ನ ಸಿನಿಮಾದಲ್ಲಿ ಹೆಣ ಬೀಳುವುದು ಪಕ್ಕದ ಕೋಣೆಯಲ್ಲಿ. ಕ್ಯಾಮೆರಾ ಇರುವುದು ಅಡುಗೆಮನೆಯಲ್ಲಿ, ರೊಟ್ಟಿ ಬಡಿಯುವ ಹೆಂಗಸಿನ ಮುಂದೆ. ಬಡಿಯುವ ಸಪ್ಪಳ ನಿಂತಿತೆಂದರೆ ಆಚೆ ಏನೋ ಆಯಿತೆಂದು ತಿಳಿಯಬೇಕು. ಮಹಾರಾಷ್ಟ್ರದ ಗಡಿಯ ನಮ್ಮ ಉಮರಗಾ, ನಿಲಂಗಾ, ಉದಗೀರದ ಜನಕ್ಕೆ ಅದು ತಿಳಿಯುತ್ತದೆ. ತಿಳಿಯದವರು ಹಾಡು ಕುಣಿತದ ಸಿನಿಮಾಕ್ಕೆ ಹೋಗಲಿ, ನನ್ನ ತಕರಾರಿಲ್ಲ.

ನಾನು ಈ ವಿದ್ಯೆ ಕಲಿತದ್ದು ಮದುವೆ ಮನೆಗಳಲ್ಲಿ. ತವರು ದಾಳಿಂಬ, ಉಮರಗಾ ತಾಲ್ಲೂಕಿನ ಹಳ್ಳಿ. ಕುರಿ ಸಾಕುವ, ಬೀರಪ್ಪನಿಗೆ ನಡೆದುಕೊಳ್ಳುವ ಮನೆತನ ನಮ್ಮದು; ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಮರಾಠಿ. ಕೊಟ್ಟದ್ದು ನಿಲಂಗಾಕ್ಕೆ. ಗಂಡನದು ಬಸ್‌ಸ್ಟ್ಯಾಂಡ್ ಹತ್ತಿರ ಮದುವೆ ವಿಡಿಯೋ ತೆಗೆಯುವ ಅಂಗಡಿ. ಹೆಂಗಸರ ಕೋಣೆಗೆ ಗಂಡಸು ಕ್ಯಾಮೆರಾ ಹಿಡಿದು ನುಗ್ಗುವಂತಿಲ್ಲವೆಂದು ನನ್ನನ್ನು ಒಳಗೆ ಕಳಿಸತೊಡಗಿದ. ಅರಿಶಿನ ಹಚ್ಚುವಾಗ ಅತ್ತೆ ಯಾರ ಕಡೆ ನೋಡುತ್ತಾಳೆ, ಸೀರೆ ಬಿಚ್ಚಿ ತೋರಿಸುವಾಗ ಯಾರು ಮುಖ ಊದಿಸುತ್ತಾರೆ, ಎಲ್ಲ ನನ್ನ ಲೆನ್ಸಿಗೆ ಬಿತ್ತು. ಅಂಥ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತವಳಿಗೆ ಕ್ರೈಮ್ ಕಥೆಗೇನು ಬರ? ಕೆಲವೇ ವರ್ಷದಲ್ಲಿ ನಾನು ಕಥೆ ಮಾಡುವುದು, ಗಂಡನಿಗೆ ಕ್ಯಾಮೆರಾ ಹಿಡಿದು ಎಲ್ಲಿ ನಿಲ್ಲಬೇಕೆಂದು ಹೇಳುವುದು ಶುರುವಾಯಿತು. ಇಂದಿಗೂ ಅದೇ ವ್ಯವಸ್ಥೆ. ಅವನೂ ಸುಖವಾಗಿದ್ದಾನೆ.

ಮೊದಲ ಎರಡು ಸಿನಿಮಾ ಸಿಡಿಯಲ್ಲಿ ಬಂದವು, ಅರ್ಧ ಮರಾಠಿ, ಅರ್ಧ ಕನ್ನಡ. ಚಹಾದಂಗಡಿಯ ಟಿವಿಗಳಲ್ಲಿ ಚೆನ್ನಾಗಿ ಓಡಿದವು. ಮೂರನೆಯದು ದೊಡ್ಡ ಪರದೆಯ ಮೇಲೆ ಬರಬೇಕೆಂಬ ಹಟ ಹಿಡಿದು ಉದಗೀರದ ಒಂದು ಟಾಕೀಜಿಗೆ ಹೋದೆ. ಅದರ ಮಾಲೀಕರು ಹಳೆಯ ಎರಡನ್ನೂ ನೋಡಿದ್ದರು.

"ಅಕ್ಕಾರ, ಎಲ್ಲಾ ಛಲೋ ಮಾಡೀರಿ. ಆದರ ಖೂನ ಎಲ್ಲಿ ಅದ? ಜನ ಖೂನ ನೋಡ್ಲಿಕ್ಕೇ ಬರ್ತಾರ್ರೀ."

"ಈ ಸಲ ಹೆಸರಿನಾಗೇ ಖೂನ ಅದ್ರೀ," ಎಂದೆ.

ಅವರು ಖುಷಿಯಾಗಿ ಇನ್ನೊಂದು ಚಹಾ ತರಿಸಿದರು. ಯಾವ ಖೂನ ಎಂದು ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಸಿನಿಮಾ ನೋಡಿದ ಮೇಲೆ ಜಗಳವಾಡದೆ ಟಾಕೀಜು ಕೊಟ್ಟರು, ಅದು ಅವರ ದೊಡ್ಡತನ.

ನಮ್ಮ ಕನ್ನಡದಲ್ಲಿ ಖೂನ ಎಂದರೆ ಗುರುತು. ಬಹಳ ದಿನದ ಮೇಲೆ ಸಿಕ್ಕ ಬೀಗರು "ನನ್ನ ಖೂನ ಹಿಡದ್ರಿ ಇಲ್ಲೋ?" ಎಂದು ಕೇಳುತ್ತಾರೆ. ಮರಾಠಿಯವರಿಗೆ ಗುರುತು ಖೂಣ, ಕೊಲೆ ಖೂನ. ಸಾಲದ್ದಕ್ಕೆ ಅವರ ವ್ಯಾಕರಣದಲ್ಲಿ ಖೂಣ ಹೆಣ್ಣು, ಖೂನ ಗಂಡು. ತಂಗಿಯ ಗುರುತು ಎನ್ನಲು 'ಬಹಿಣೀಚೀ ಖೂಣ' ಎನ್ನಬೇಕು. 'ಬಹಿಣೀಚಾ ಖೂನ' ಎಂದರೆ ತಂಗಿಯ ಕೊಲೆ. ನನ್ನ ಅವ್ವನ ಮರಾಠಿಯಲ್ಲಿ ಮಾತ್ರ ಲೋಕವೆಲ್ಲ ಗಂಡೇ. ಎಮ್ಮೆಯಿಂದ ಹಿಡಿದು ಸೊಸೆಯವರೆಗೆ ಎಲ್ಲದಕ್ಕೂ 'ಚಾ' ಹಚ್ಚಿ ಬಾಳ್ವೆ ಮಾಡಿದವಳು. ಸಂತೆಯಲ್ಲಿ ಜನ ನಗುತ್ತಿದ್ದರು, ಆಕೆಯೂ ಅವರ ಜೊತೆ ನಗುತ್ತಿದ್ದಳು.

ಬಹಳ ವರ್ಷದ ಹಿಂದೆ ನಮ್ಮ ಸೀಮೆಯಲ್ಲಿ ದೊಡ್ಡ ಭೂಕಂಪವಾದಾಗ ನಾನು ಸೊಸೆಯಾಗಿ ನಿಲಂಗಾಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅವ್ವನ ತಂಗಿ, ನನ್ನ ಚಿಕ್ಕವ್ವ, ತೇರಣಾ ಹೊಳೆಯ ದಂಡೆಯ ಹಳ್ಳಿಯಲ್ಲಿದ್ದಳು. ಕಲ್ಲುಮಣ್ಣಿನ ದಪ್ಪ ಗೋಡೆಗಳ ಆ ಊರು ಒಂದೇ ಏಟಿಗೆ ಕುಸಿದಿತ್ತು. ಅಪ್ಪ ಅವ್ವ ಯಾರದೋ ಟ್ರ್ಯಾಕ್ಟರ್ ಹತ್ತಿ ಹೋದರು. ಅಪ್ಪ ಕಲ್ಲು ಸರಿಸುವವರ ಜೊತೆ ಸೇರಿಕೊಂಡ. ಅವ್ವ ಸಾಲಾಗಿ ಮಲಗಿಸಿದ ಹೆಣಗಳ ಕಡೆ ಹೋದಳು. ಮುಖಗಳು ತಿಳಿಯುವಂತಿರಲಿಲ್ಲ, ಹಾಗಾಗಿ ಮುಂಗೈ ನೋಡುತ್ತಾ ನಡೆದಳು. ಅಕ್ಕತಂಗಿಯರಿಬ್ಬರಿಗೂ ಚಿಕ್ಕಂದಿನಲ್ಲಿ ಅವರ ಅವ್ವ ಒಂದೇ ತರಹದ ಹಚ್ಚೆ ಹಾಕಿಸಿದ್ದಳು. ಆ ಹಚ್ಚೆ ಸಿಕ್ಕಿತು.

ಅಲ್ಲಿ ನಿಂತಿದ್ದ ಪೊಲೀಸನಿಗೆ ಅವ್ವ ತನಗೆ ಬಂದ ಮರಾಠಿಯಲ್ಲಿ ಹೇಳಿದಳು: "ಮಾಝ್ಯಾ ಬಹಿಣೀಚಾ ಖೂನ, ಸಾಹೇಬ." ಕೊಂಕಣದ ಕಡೆಯಿಂದ ಬಂದೋಬಸ್ತಿಗೆ ಬಂದವನು ಅವನು, ನಮ್ಮ ಕಡೆಯ ಬೆರಕೆ ಮಾತು ಕೇಳಿದವನಲ್ಲ. ಕೊಲೆ ಎಂದೇ ತಿಳಿದ. "ಕೋಣೀ ಕೇಲಾ?" ಎಂದ, ಯಾರು ಮಾಡಿದ್ದು ಅಂತ. ಹಚ್ಚೆ ಹಾಕಿಸಿದವರನ್ನು ಕೇಳುತ್ತಿದ್ದಾನೆಂದು ಅವ್ವ ತಿಳಿದಳು. "ಆಮ್ಚ್ಯಾ ಆಯೀನೇ," ಎಂದಳು. ನಮ್ಮ ತಾಯಿಯೇ ಮಾಡಿದ್ದು ಎಂದು.

ಬರೆದು ನೋಡಿದರೆ ನಗು ಬರುತ್ತದೆ. ಆ ದಿನ ಅವಳನ್ನು ಡೇರೆಯೊಳಗೆ ಕೂರಿಸಿ ಒಬ್ಬರಾದ ಮೇಲೊಬ್ಬರು ವಿಚಾರಿಸಿದರು. ಅವಳು ಹೇಳಿದಷ್ಟೂ ಗಂಟು ಬಿಗಿಯಾಯಿತು. ಅಪ್ಪ ಬಂದು ಬಿಡಿಸಿ ಹೇಳುವ ಹೊತ್ತಿಗೆ ಆ ಸಾಲಿನ ಹೆಣಗಳಿಗೆಲ್ಲ ಒಟ್ಟಿಗೆ ಬೆಂಕಿ ಕೊಟ್ಟಾಗಿತ್ತು. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಕೊಡುತ್ತಾರೆ. ತಂಗಿಗೆ ಒಂದು ಹಿಡಿ ಮಣ್ಣು ಹಾಕುವುದು ಅವ್ವನಿಂದ ಆಗಲಿಲ್ಲ. ಆಮೇಲೆ ಆ ಶಬ್ದ ಅವಳ ಬಾಯಲ್ಲಿ ನಾವು ಕೇಳಲೇ ಇಲ್ಲ. ಕನ್ನಡದಲ್ಲಿ ಕೂಡ 'ಗುರ್ತ' ಎನ್ನತೊಡಗಿದಳು.

ಮೂರನೆಯ ಸಿನಿಮಾಕ್ಕೆ ನಾನು ಹೆಣೆದ ಕಥೆ ಇದೇ: ಒಂದು ತಪ್ಪು ಮಾತು, ಅದರ ಬೆನ್ನು ಹತ್ತಿ ಇಲ್ಲದ ಕೊಲೆಗಾರನನ್ನು ಹುಡುಕುತ್ತಾ ಹೋಗುವ ಪೊಲೀಸು. ಇಂಥ ಕಥೆ ಬೇರೆ ಯಾರಿಗೆ ಹೊಳೆದೀತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆದರೆ ಅವ್ವನನ್ನು ಕೇಳದೆ ಮಾಡುವಂತಿರಲಿಲ್ಲ. ದಾಳಿಂಬಕ್ಕೆ ಹೋದಾಗ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸದೆ ಪೂರ್ತಿ ಕೇಳಿದಳು.

"ನನ್ನ ಪಾರ್ಟ ಯಾರ ಮಾಡ್ತಾರ?"

"ಉಮರಗಾದಾಗ ನಾಟಕದಾಕಿ ಒಬ್ಬಾಕಿ ಅದಾಳವ್ವ. ಛಲೋ ಅಳ್ತಾಳ."

"ನಾ ಅವತ್ತ ಅತ್ತಿಲ್ಲ. ಆಕಿಗೇನ ತಿಳೀತದ? ನಾನೇ ಬರ್ತೀನಿ ತಗೋ."

ಗಂಡನಿಗೆ ಇದು ಸರಿ ಬರಲಿಲ್ಲ. "ಅತ್ತಿಯವರಿಗೆ ಏನರೆ ಆತಂದ್ರ ಸಿನಿಮಾ ತಗೊಂಡು ಏನ ಮಾಡ್ತಿ?" ಎಂದ. ಹೆದರಿಕೆ ನನಗೂ ಇತ್ತು. ಆದರೆ ಆ ಮಾತು ಆ ಬಾಯಿಯಿಂದಲೇ ಬರಬೇಕೆಂಬ ಆಸೆ ಅದಕ್ಕಿಂತ ದೊಡ್ಡದಿತ್ತು. ಆಸೆ ಇಲ್ಲದವರು ಸಿನಿಮಾ ಮಾಡಲು ಬರಬಾರದು.

ನಿಲಂಗಾದ ಹೊರಗೆ ಬಯಲಿನಲ್ಲಿ ಡೇರೆ ಹಾಕಿದೆವು. ಪೊಲೀಸನ ಪಾತ್ರಕ್ಕೆ ಊರಿನ ಮರಾಠಿ ಮಾಸ್ತರರೊಬ್ಬರು. ಫ್ರೇಮಿನ ಅಂಚಿಗೆ, ನೆಲದ ಮೇಲೆ, ಹೆಣದ ಬದಲು ಮಡಿಸಿದ ಕೌದಿಗೆ ಬಿಳಿ ಬಟ್ಟೆ ಹೊದಿಸಿ ಇಟ್ಟಿದ್ದೆವು. ಮಸುಕಾಗಿ ಕಂಡರೆ ಸಾಕಿತ್ತು. ಅವ್ವ ತಲೆಯ ಮೇಲೆ ಸೆರಗು ಹೊದ್ದು ಬಂದು ನಿಂತಳು. ಆ್ಯಕ್ಷನ್ ಎಂದೆ.

"ಮಾಝ್ಯಾ ಬಹಿಣೀಚೀ ಖೂಣ, ಸಾಹೇಬ."

ಅಚ್ಚ ಮರಾಠಿ. 'ಚೀ' ಚೀಯಾಗಿಯೇ, 'ಣ' ಣವಾಗಿಯೇ. ಮಾಸ್ತರರ ಶಾಲೆಯಲ್ಲೂ ಅಷ್ಟು ಸ್ವಚ್ಛ ಯಾರೂ ಅನ್ನುತ್ತಿರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು.

"ಅವ್ವಾ, ತಪ್ಪ ಹೇಳಬೇಕು. ಅವತ್ತ ಹೆಂಗ ಅಂದಿದ್ದಿ, ಹಂಗ."

ಮತ್ತೆ ಅಂದಳು, ಮತ್ತೆ ಸರಿ. ಇನ್ನೊಮ್ಮೆ ಅಂದಾಗ 'ಣ' ಇನ್ನೂ ಗಟ್ಟಿಯಾಗಿತ್ತು. ನನ್ನ ತಾಳ್ಮೆ ಮೊದಲೇ ಅಷ್ಟಕ್ಕಷ್ಟೇ. "ನೀ ಸರಿ ಅಂದ್ರ ನನ್ನ ಸಿನಿಮಾನೇ ಇಲ್ಲವ್ವ! ಅಂವಾ ಮುಂದ ಏನ ಕೇಳಬೇಕು?" ಎಂದು ಕೂಗಿದೆ.

ಅವ್ವ ಕೂಗಲಿಲ್ಲ. "ಇದೊಂದ ಮಾತ ಕಲೀಲಿಕ್ಕ ನಾ ಎಷ್ಟ ಒದ್ದಾಡೀನಿ ನಿನಗ ಗೊತ್ತದೇನ? ಕುರಿ ಹಿಂದ ಹೋದಾಗೆಲ್ಲ ಇದನ್ನೇ ಅಂದೀನಿ. ಒಮ್ಮಿ ತಪ್ಪ ಹೇಳೀನಿ, ಸಾಕು. ಇನ್ನ ಹೇಳಂಗಿಲ್ಲ."

ಸಿನಿಮಾ ಕೈಬಿಟ್ಟು ಹೋಗುತ್ತಿದೆಯೆಂದು ಸಿಟ್ಟು, ಆಕೆ ಕುರಿಗಳ ಹಿಂದೆ ಒಬ್ಬಳೇ ಆ ಮಾತು ಗಟ್ಟಿ ಮಾಡುತ್ತಾ ನಡೆದದ್ದು ನನಗೆ ಗೊತ್ತೇ ಇರಲಿಲ್ಲವೆಂದು ದುಃಖ, ಎರಡೂ ಒಟ್ಟಿಗೆ ಬಂದವು. ಬೇರೇನೂ ತೋಚದೆ "ನಡೀಲಿ" ಎಂದೆ.

"ಮಾಝ್ಯಾ ಬಹಿಣೀಚೀ ಖೂಣ, ಸಾಹೇಬ."

ಯಾರು ಮಾಡಿದ್ದು ಎಂದು ಮಾಸ್ತರರು ಕೇಳಬೇಕಿತ್ತು. ಬಾಯಿ ತೆರೆದರು. ಸರಿಯಾಗಿ ಹೇಳಿದ ಹೆಂಗಸಿಗೆ ಆ ಪ್ರಶ್ನೆ ಕೇಳಲು ಅವರಿಂದ ಆಗಲಿಲ್ಲ. ತಲೆಯ ಮೇಲಿನ ಟೋಪಿ ತೆಗೆದರು.

"ಘೇವುನ್ ಜಾ, ಮಾವಶೀ," ಎಂದರು. ಹೆಣ ತೆಗೆದುಕೊಂಡು ಹೋಗಮ್ಮ ಎಂದು.

ಅವ್ವ ಕೌದಿಯ ಹತ್ತಿರ ಹೋಗಿ ಕೂತು, ಬಟ್ಟೆಯ ಅಂಚು ಎಳೆದು ಸರಿ ಮಾಡಿದಳು. ನೆಲದಿಂದ ಒಂದು ಹಿಡಿ ಮಣ್ಣು ತೆಗೆದು ಅದರ ಮೇಲೆ ಹಾಕಿದಳು. ಕಟ್ ಹೇಳುತ್ತೀಯಾ ಎಂಬಂತೆ ಗಂಡ ನನ್ನ ಕಡೆ ನೋಡಿದ. ನಾನು ಹೇಳಲಿಲ್ಲ. ಅವ್ವ ತಿರುಗಿ ನೇರ ನನ್ನನ್ನೇ ನೋಡಿ ಅಂದಳು:

"ಅಲ್ಲಿ ಯಾಕ ನಿಂತಿ? ನಿಮ್ಮ ಚಿಕ್ಕವ್ವ ಹೊಂಟಾಳ. ಬಾ, ಮಣ್ಣ ಕೊಡು."

ನಾನು ಕಿವಿಯ ಹೆಡ್‌ಫೋನ್ ತೆಗೆದಿಟ್ಟು ಕ್ಯಾಮೆರಾದ ಮುಂದೆ ಹೋದೆ.