ಗೋಳಗುಮ್ಮಟಕ್ಕೆ ಹೊರಟ ಕುಲಾವಿ

ನಾನು ಚಿಕ್ಕವಳಿದ್ದಾಗ ಬರೀ ನೋಡಿ ಬರುವುದಕ್ಕೆಂದು ಊರು ಬಿಟ್ಟು ಹೋಗುವವರು ನಮ್ಮ ಪೈಕಿ ಯಾರೂ ಇರಲಿಲ್ಲ. ಹೊಟ್ಟೆಪಾಡಿಗೆ ಹೋಗುತ್ತಿದ್ದರು, ಮದುವೆಗೆ ಹೋಗುತ್ತಿದ್ದರು, ಯಾರಾದರೂ ಸತ್ತರೆ ಹೋಗುತ್ತಿದ್ದರು. ಅಷ್ಟೇ. ನಾವು ರಾಯಚೂರು ಕಡೆಯವರು. ಅಪ್ಪ ಹೈದರಾಬಾದಿನಲ್ಲಿ ಲಾರಿ ಓಡಿಸುತ್ತಿದ್ದ. ಹಾಗಾಗಿ ನಾವೂ ಅಲ್ಲಿ ಇದ್ದೆವು.

ನಮ್ಮ ಮನೆ ಊರಿನ ಪಡುವಣ ಅಂಚಿನಲ್ಲಿತ್ತು. ಈಗ ಅಲ್ಲಿ ಗಾಜಿನ ಕಟ್ಟಡಗಳಿವೆ. ಆಗ ಬರೀ ಬಂಡೆ. ಒಂದು ಬಂಡೆಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಯಾರೋ ಆಟಕ್ಕೆ ಪೇರಿಸಿಟ್ಟು ಊಟಕ್ಕೆ ಎದ್ದು ಹೋದ ಹಾಗೆ ಕಾಣುತ್ತಿತ್ತು. ಈಗ ಬೀಳುತ್ತವೆ ಅನಿಸುತ್ತಿತ್ತು, ಬೀಳುತ್ತಿರಲಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಅವುಗಳ ಒಳಗಿನಿಂದ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಕಲ್ಲು ತಣ್ಣಗಾಗುವ ಸದ್ದು ಎಂದು ಅಪ್ಪ ಹೇಳುತ್ತಿದ್ದ. ಇರಬಹುದು.

ಒಂದು ದಿನ ಅಪ್ಪ ಬಂದು, ಸಿಕಂದರಾಬಾದಿನ ಗೋದಾಮಿನಿಂದ ಕಬ್ಬಿಣದ ಪೈಪು ತುಂಬಿಕೊಂಡು ವಿಜಾಪುರಕ್ಕೆ ಹೋಗುವುದಿದೆ, ಮನೆಯವರನ್ನೂ ಕರೆದುಕೊಂಡು ಹೋಗು ಎಂದು ಮಾಲೀಕ ಹೇಳಿದ್ದಾನೆ, ಗೋಳಗುಮ್ಮಟ ನೋಡಿ ಬರೋಣ ಎಂದ. ಅವ್ವ ನಂಬಲಿಲ್ಲ. ನಾನೂ ಅಕ್ಕನೂ ನಂಬಿದೆವು. ಅವತ್ತಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಮಲಗಲು ಏನು? ಲಾರಿಗೆ ಹೊದಿಸುವ ತಾಡಪತ್ರಿ ಇದೆ, ಒಂದು ಅಂಚನ್ನು ಲಾರಿಗೆ ಕಟ್ಟಿ ಇನ್ನೊಂದು ಅಂಚಿಗೆ ಕಲ್ಲು ಹೇರಿದರೆ ಆಯಿತು. ಉಣ್ಣಲು ಏನು? ಅವ್ವ ಕಟಕ ರೊಟ್ಟಿ ಬಡಿದು ಬಿಸಿಲಿಗೆ ಒಣಗಿಸಿದಳು. ಶೇಂಗಾ ಚಟ್ನಿ ಕುಟ್ಟಿದಳು. ಮನೆಯೆಲ್ಲ ಬೆಳ್ಳುಳ್ಳಿ ವಾಸನೆ. ನಾನು ಇದ್ದಿಲು ಹಿಡಿದು ಗೋಡೆಯ ಮೇಲೆ ಗುಮ್ಮಟ ಬರೆದೆ. ನೋಡಿರಲಿಲ್ಲವಲ್ಲ, ಬೋರಲು ಹಾಕಿದ ಗಡಿಗೆಯ ಹಾಗೆ ಬರೆದೆ. ಓಣಿಯ ಹುಡುಗಿಯರಿಗೆಲ್ಲ ಹೇಳಿಕೊಂಡು ಬಂದೆ.

ಜಾಗದ್ದೇ ಚಿಂತೆ. ಹಿಂದೆ ಪೈಪು, ಅಲ್ಲಿ ಕೂತರೆ ಕಾಲು ಜಜ್ಜಿ ಹೋಗುತ್ತದೆ. ಮುಂದೆ ಅಪ್ಪನ ಪಕ್ಕ ಒಂದು ಹಲಗೆ ಸೀಟು. ಅಪ್ಪ ಗೇಣು ಹಾಕಿ ಅಳೆದ. ಅವ್ವ, ಅಕ್ಕ, ಆಯಿ, ಕಿಟಕಿಯ ಪಕ್ಕ ನಾನು. ಆಯಿ ಎಂದರೆ ಅಪ್ಪನ ಅವ್ವ. ಅದಕ್ಕಿಂತ ಹೆಚ್ಚಿಗೆ ಒಂದು ಬೆಕ್ಕು ಕೂಡ ಹಿಡಿಯುವುದಿಲ್ಲ ಎಂದ.

ಲಾರಿ ಹೊರಡುವುದು ಐತವಾರ, ಅಂದರೆ ಭಾನುವಾರ. ಅದನ್ನು ಕೇಳಿ ಆಯಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಐತವಾರ ಪಡುವಣಕ್ಕೆ ಹೋಗಬಾರದು ಎಂಬುದು ನಮ್ಮಲ್ಲಿ ಗಟ್ಟಿ ನಂಬಿಕೆ. ಅದಕ್ಕೊಂದು ಉಪಾಯವೂ ಇತ್ತು. ಒಳ್ಳೆಯ ದಿನ ನೋಡಿ, ಹೋಗುವವರ ಒಂದೊಂದು ಬಟ್ಟೆ ಚೂರು, ಒಂದು ಹಿಡಿ ಅಕ್ಕಿ, ಒಂದು ಅರಿಶಿನ ಕೊಂಬು ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿ ಮೊದಲು ಸಿಗುವ ಮನೆಯಲ್ಲಿ ಇಟ್ಟು ಬರುವುದು. ಪರಸ್ತಾನ ಇಡುವುದು ಎನ್ನುತ್ತಿದ್ದರು. ಗಂಟು ಹೊರಟರೆ ನಾವು ಹೊರಟ ಹಾಗೆ. ಆಮೇಲೆ ಯಾವತ್ತು ಬೇಕಾದರೂ ಹೋಗಬಹುದು, ದಾರಿಯಲ್ಲಿ ಗಂಟು ಎತ್ತಿಕೊಂಡರೆ ಸಾಕು.

ಗುರುವಾರ ಮಧ್ಯಾಹ್ನ ಆಯಿ ಗಂಟು ಕಟ್ಟಿದಳು. ಅವಳ ಗಂಟನ್ನು ಅವಳಲ್ಲದೆ ಬೇರೆ ಯಾರೂ ಬಿಚ್ಚುವುದಕ್ಕೆ ಆಗುತ್ತಿರಲಿಲ್ಲ, ಕಟ್ಟುವುದಕ್ಕಂತೂ ಇಲ್ಲವೇ ಇಲ್ಲ. ಅಕ್ಕನ ಕೈಗೆ ಕೊಟ್ಟಳು.

"ಪಡುವಣಕ್ಕ ಮೊದಲ ಸಿಗೋ ಮನಿಯಾಗ ಇಟ್ಟು ಬರ್ರಿ. ಹೊಳ್ಳಿ ನೋಡಬ್ಯಾಡ್ರಿ."

ಆಯಿ ಊರಿಂದ ಹೊಸದಾಗಿ ಬಂದಿದ್ದಳು. ಊರಲ್ಲಿ ಪಡುವಣಕ್ಕೆ ಮೊದಲು ಸಿಗುವ ಮನೆ ಎಂದರೆ ಕುಂಬಾರರದ್ದು, ಅಲ್ಲಿ ಯಾವಾಗಲೂ ಜನ. ಇಲ್ಲಿ ಹಾಗಲ್ಲ. ನಮ್ಮ ಮನೆಯೇ ಕೊನೆ. ಅದರಾಚೆ ಕೆಲಸ ನಿಂತುಹೋದ ಒಂದು ಕಲ್ಲುಗಣಿ, ಅದರ ತುಂಬ ಕಪ್ಪು ಹಸಿರು ನೀರು. ದಂಡೆಯ ಮೇಲೆ ಒಂದು ಪಾಳು ಗುಡಿಸಲು. ಅಲ್ಲಿ ಯಾರೂ ಇಲ್ಲವೆಂದು ಆಯಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು, ಆದರೆ ಅದೂ ಮನೆಯೇ ಅಲ್ಲವೇ ಎಂದುಕೊಂಡೆವು.

ಬಾಗಿಲು ದೂಡಿದರೆ ತೆರೆಯಿತು. ಒಳಗೆ ಹೊರಗಿಗಿಂತ ತಂಪು. ತೊಲೆಯಿಂದ ತೊಟ್ಟಿಲು ಕಟ್ಟುವ ಹಗ್ಗ ತೂಗುತ್ತಿತ್ತು, ತೊಟ್ಟಿಲು ಇರಲಿಲ್ಲ. ಎಷ್ಟೋ ಕಾಲದಿಂದ ಪಾಳು ಬಿದ್ದ ಮನೆ, ಜೇಡರ ಬಲೆ ಎಲ್ಲ ಕಡೆ ಇತ್ತು, ಹಗ್ಗದ ಮೇಲೆ ಮಾತ್ರ ಇರಲಿಲ್ಲ. ಗೋಡೆಯ ಗೂಡಿನಲ್ಲಿ ಹಳೆಯ ದೀಪದ ಮಸಿ. ಅಕ್ಕ ಗಂಟನ್ನು ಅಲ್ಲಿ ಇಟ್ಟಳು. ನಾವು ಹಿಂದೆ ತಿರುಗಿ ನೋಡದೆ ಬಂದೆವು. ಓಡಲಿಲ್ಲ, ಆದರೆ ಜೋರಾಗಿ ನಡೆದೆವು.

ಮಧ್ಯದ ದಿನಗಳು ವಿಚಿತ್ರವಾಗಿದ್ದವು. ನಾವು ಹೋಗಿಬಿಟ್ಟವರು, ಆದರೂ ಮನೆಯಲ್ಲೇ ಇದ್ದೆವು. ಯಾರಾದರೂ ಹೆಸರು ಹಿಡಿದು ಕೂಗಿದರೆ ಓ ಅನ್ನಬೇಡಿ ಎಂದು ಆಯಿ ಹೇಳಿದ್ದಳು. ಪಕ್ಕದ ಗುಡಿಸಲಿನ ತೆಲುಗು ಹೆಂಗಸು ದಿನವೂ ನಕ್ಕು, "ಏಂದಮ್ಮಾ, ಇಂಕ ಪೋಲೇದಾ?" ಎಂದು ಕೇಳುತ್ತಿದ್ದಳು, ಇನ್ನೂ ಹೋಗಿಲ್ಲವೇ ಎಂದು. ನಾವು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆವು. ಸಂಜೆ ಗಣಿಯ ಕಡೆಯಿಂದ ಸುತ್ತಿಗೆ ಬಡಿದ ಸದ್ದು ಕೇಳುತ್ತಿತ್ತು. ಬೇರೆ ಎಲ್ಲಾದರೂ ಕಲ್ಲು ಒಡೆಯುತ್ತಿದ್ದರೋ ಏನೋ. ಕೇಳಿದ್ದನ್ನು ಹೇಳುತ್ತಿದ್ದೇನೆ.

ಐತವಾರ ಬೆಳಕು ಹರಿಯುವಾಗ ಲಾರಿ ಹತ್ತಿದೆವು. ಗಣಿಯ ಹತ್ತಿರ ಅಪ್ಪ ನಿಲ್ಲಿಸಿದ. ಅಕ್ಕ ಓಡಿ ಹೋಗಿ ಗಂಟು ತಂದು ಆಯಿಗೆ ಕೊಟ್ಟಳು. ಆಯಿ ಅದನ್ನು ಅಂಗೈಯಲ್ಲಿ ತೂಗಿದಳು. ಹಿಸುಕಿ ನೋಡಿದಳು. ಆಮೇಲೆ ತೊಡೆಯ ಮೇಲಿಟ್ಟು ಬಿಚ್ಚಿದಳು. ಅಪ್ಪನ ಟವೆಲ್ಲಿನ ಚೂರು, ಅವ್ವನ ಕುಬಸದ ತುಂಡು, ಅಕ್ಕನ ರಿಬ್ಬನ್ನು, ನನ್ನ ಲಂಗದ ಅಂಚು, ಆಯಿಯ ಸೀರೆಯ ಸೆರಗಿನ ಚೂರು. ಅದರ ನಡುವೆ ಒಂದು ಕುಲಾವಿ. ಕೂಸುಗಳ ತಲೆಗೆ ಕಟ್ಟುವ ಟೊಪ್ಪಿಗೆ. ಹಳದಿ ಬಟ್ಟೆ, ಮಾಸಿ ಹೋಗಿತ್ತು.

"ಇದು ಯಾರದು?" ಎಂದಳು ಅವ್ವ.

ಯಾರದೂ ಅಲ್ಲ. ಅಕ್ಕ ಆಣೆ ಇಟ್ಟಳು. ಗಂಟು ಆಯಿ ಕಟ್ಟಿದ ಹಾಗೆಯೇ ಇತ್ತು, ಅದನ್ನು ನಾನೇ ನೋಡಿದ್ದೆ. ಅಪ್ಪನ ಮುಖ ಇಳಿಯಿತು.

"ಯಾವ ಮನಿಯಾಗ ಇಟ್ರಿ? ಆ ಗುಡಿಸಲದಾಗ? ಅಲ್ಲಿ ಯಾದಗಿರಿ ಕಡಿಯೋರು ಇದ್ರು, ಕಲ್ಲು ಒಡಿಯೋರು. ಊರಿಗೆ ಹೋಗೂದು ಅಂತ ಎಲ್ಲಾ ಕಟ್ಟಿ ಇಟ್ಟಿದ್ರು. ಹೋಗೂಕಿಂತ ಮೊದಲ ಕೂಸು ಹೋತು. ಹೊರಗ ಒಗಿ ಅದನ್ನ, ಯವ್ವಾ."

"ಒಗೀಬಾರದಪ್ಪಾ," ಎಂದಳು ಆಯಿ. "ಅವರೂ ಪರಸ್ತಾನ ಇಟ್ಟಿರಬೇಕು. ದೊಡ್ಡೋರು ಹೋದ್ರು, ಇದು ಹಂಗ ಕಾಯಾಕತ್ತೈತಿ. ನಮ್ಮ ಗಂಟಿನಾಗ ಬಂದೈತಿ ಅಂದ್ರ ನಮ್ಮ ಕೂಡ ಹೊಂಟೈತಿ. ಹೊಂಟಿದ್ದನ್ನ ಹೊಳ್ಳಿ ಕಳಿಸಿದ್ರ ನಾವೂ ಹೊಳ್ಳಿ ಬರಂಗಿಲ್ಲ. ಅದಕ್ಕ ಜಾಗಾ ಕೊಡ್ರಿ."

"ಜಾಗಾ ಎಲ್ಲೈತ್ರಿ ಅತ್ತಿ?"

ಅವ್ವ ಹಾಗೆ ಕೇಳಿದ ಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಎಲ್ಲರಿಗಿಂತ ಚಿಕ್ಕವಳು ನಾನು. ತೆಲುಗು ಹೆಂಗಸಿನ ಮನೆಯಲ್ಲಿ ನಾಲ್ಕು ದಿನ ಇರುತ್ತಾಳೆ, ಏನಾಯಿತು ಎಂದ ಅಪ್ಪ. ಇಳಿ ಎಂದ. ನಾನು ಕಿಟಕಿಯ ಕಂಬಿ ಹಿಡಿದುಕೊಂಡೆ. ಸತ್ತ ಕೂಸಿಗೆ ಗೋಳಗುಮ್ಮಟ, ಬದುಕಿದ ನನಗೆ ಪಕ್ಕದ ಮನೆಯ ಗಂಜಿ! ಅಕ್ಕ ನನ್ನ ಬೆರಳು ಬಿಡಿಸಲು ಬಂದಳು. ಅವಳಿಗೆ ಒದ್ದೆ.

"ಅದು ನನ್ನ ತೊಡಿ ಮ್ಯಾಲೆ ಕೂಡ್ಲಿ!" ಎಂದು ಕಿರುಚಿದೆ.

ಆಯಿ ನನ್ನನ್ನು ನೋಡಿದಳು. "ಭಾರ ಆಕ್ಕೈತಿ. ಇದನ್ನ ಇಳಸ್ರಿ ಅಂದ್ರ ನಿನ್ನನ್ನೂ ಇಳಸ್ತೀನಿ, ಎಲ್ಲಿದ್ದಲ್ಲೇ."

ಆಗಲಿ ಎಂದೆ. ಅಂಗೈಯಷ್ಟು ಬಟ್ಟೆ, ಅದೇನು ಭಾರ? ಆಯಿ ಎಲ್ಲವನ್ನೂ ಮತ್ತೆ ಗಂಟು ಕಟ್ಟಿ ನನ್ನ ತೊಡೆಯ ಮೇಲಿಟ್ಟಳು. ಲಾರಿ ಹೊರಟಿತು.

ಪಟಾನ್‌ಚೆರು ದಾಟುವವರೆಗೆ ಏನೂ ಅನಿಸಲಿಲ್ಲ. ಆಗ ಅದು ಹೊಲಗಳ ಊರು, ಕಿಟಕಿಯಿಂದ ಹಸಿ ಮೇವಿನ ವಾಸನೆ ಬಂತು. ಜಹೀರಾಬಾದ್ ಹತ್ತಿರ ತೊಡೆ ಬೆಚ್ಚಗಾಯಿತು. ಹುಮನಾಬಾದ್ ಬರುವಷ್ಟರಲ್ಲಿ ನನ್ನ ಕಾಲು ನನ್ನವಾಗಿ ಉಳಿದಿರಲಿಲ್ಲ. ನಿದ್ದೆ ಹೋದ ಕೂಸು ಎಷ್ಟು ಭಾರ ಇರುತ್ತದೆ, ಎತ್ತಿಕೊಂಡವರಿಗೆ ಗೊತ್ತು. ಅಷ್ಟು. ಕಣ್ಣಲ್ಲಿ ನೀರು ಬಂತು. ತುಟಿ ಕಚ್ಚಿ ಕೂತೆ.

"ನೋಡು, ಮಹಾರಾಣಿ ಕೂತಂಗ ಕೂತಾಳ," ಎಂದು ಅಕ್ಕ ಅಣಕಿಸಿದಳು.

ಅಪ್ಪ ತಿರುಗಿ ನೋಡಿ ಲಾರಿ ನಿಲ್ಲಿಸಿದ. "ಯಾಕ ಅಳ್ತಿ? ಭಾರ ಐತೇನು? ಹೇಳು, ಇಲ್ಲೇ ಬೀಸಿ ಒಗೀತೀನಿ."

ಆಯಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಕಣ್ಣಾಗ ಧೂಳು ಬಿತ್ತು," ಎಂದೆ.

ಸಂಜೆ ಒಂದು ಬಾವಿಯ ಹತ್ತಿರ ಬಿಡಾರ ಹೂಡಿದೆವು. ಅಪ್ಪ ನನ್ನನ್ನು ಮೂಟೆಯ ಹಾಗೆ ಎತ್ತಿ ಇಳಿಸಿದ. ಅವ್ವ ಮೂರು ಕಲ್ಲು ಹೂಡಿ ಬೇಳೆ ಬೇಯಿಸಿದಳು. ತಾಡಪತ್ರಿಗೆ ಡೀಸೆಲ್ ವಾಸನೆ, ಗಾಳಿಗೆ ಅದು ಉಸಿರು ಎಳೆದ ಹಾಗೆ ಉಬ್ಬಿ ಇಳಿಯುತ್ತಿತ್ತು. ಆಯಿ ಒಂದು ತುಣುಕು ರೊಟ್ಟಿ, ಚೂರು ಬೆಲ್ಲ ಎಲೆಯ ಮೇಲಿಟ್ಟು ನನ್ನ ಪಕ್ಕ ಇಟ್ಟಳು. ನಾನು ಚೆಲ್ಲಿದ ಬೇಳೆಗೆಲ್ಲ ಇರುವೆ ಮುತ್ತಿದವು. ಆ ಬೆಲ್ಲದ ಹತ್ತಿರ ಒಂದೂ ಬರಲಿಲ್ಲ. ಅಕ್ಕ ಅದನ್ನು ನೋಡಿದಳು. ಆಮೇಲೆ ನನ್ನನ್ನು ಅಣಕಿಸುವುದು ಬಿಟ್ಟಳು.

ಮರುದಿನ ಕಲಬುರಗಿ ಬಿಟ್ಟು ಭೀಮಾ ನದಿಯ ಸೇತುವೆಗೆ ಬಂದೆವು. ನೀರು ಅಗಲವಾಗಿ ಹರಿಯುತ್ತಿತ್ತು. ಆಗ ನನ್ನ ತೊಡೆಯ ಮೇಲಿನ ಭಾರ ಸರಿಯಿತು. ಗಂಟು ಅಲುಗಲಿಲ್ಲ, ಭಾರ ಮಾತ್ರ ಎಡತೊಡೆಯ ಕಡೆಗೆ, ಕಿಟಕಿಯ ಕಡೆಗೆ ವಾಲಿತು. ನದಿ ಬಗ್ಗಿ ನೋಡುವ ಕೂಸಿನ ಹಾಗೆ. ನಾನು ಸುಮ್ಮನೆ ಕೈ ಅಡ್ಡ ಹಿಡಿದೆ, ಬಿದ್ದರೆ ಎಂದು. ಸೇತುವೆ ಮುಗಿದ ಮೇಲೆ ಅದು ತಿರುಗಿ ಸರಿಯಾಗಿ ಕೂತಿತು.

ಗುಮ್ಮಟ ದೂರದಿಂದಲೇ ಕಂಡಿತು. ಬಯಲಿನ ನಡುವೆ ಒಂದೇ, ಬೂದು ಬಣ್ಣ. ನಾನು ಬರೆದದ್ದಕ್ಕಿಂತ ದೊಡ್ಡದು, ಅಷ್ಟೇ. ಆದರೆ ಇಳಿದರೆ ನನ್ನ ಕಾಲು ನಿಲ್ಲಲಿಲ್ಲ. ಅಪ್ಪ, ಅವ್ವ, ಅಕ್ಕ ಮೇಲೆ ಹತ್ತಲು ಹೋದರು. ನಾನು ಆಯಿಯ ಜೊತೆ ಕೆಳಗೆ ಕಲ್ಲಿನ ಮೇಲೆ ಕೂತೆ, ಗಂಟು ತೊಡೆಯ ಮೇಲೆ. ಇಷ್ಟು ದೂರ ಹೊತ್ತುಕೊಂಡು ಬಂದು ನೋಡದೆ ಹೋಗುವುದೇ ಎಂದು ನನಗೆ ಸಿಟ್ಟು. ಗುಮ್ಮಟದ ಒಳಗೆ ಅಪ್ಪ ಚಪ್ಪಾಳೆ ತಟ್ಟಿದ. ಅದು ಸುತ್ತಿ ಸುತ್ತಿ ಕೆಳಗೆ ಬಂತು.

ಅದೇ ಹೊತ್ತಿಗೆ ತೊಡೆ ಹಗುರಾಯಿತು. ನಿಧಾನಕ್ಕೆ ಅಲ್ಲ, ಯಾರೋ ಹಾರಿ ಇಳಿದ ಹಾಗೆ.

ಆಯಿ ಗಂಟು ಬಿಚ್ಚಿದಳು. ಕುಲಾವಿ ಇದ್ದಲ್ಲೇ ಇತ್ತು. ಬರೀ ಬಟ್ಟೆ.

"ಮ್ಯಾಲೆ ಹತ್ತೈತಿ," ಎಂದಳು.

"ನನಗಿಂತ ಮೊದಲ?"

ಆಯಿ ನಕ್ಕಳು. ಆ ಎರಡು ದಿನದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ. "ಹಂಗಾರ ಓಡು, ನೋಡ್ತಿ ಏನು?"

ಕಾಲು ಜುಮುಗುಡುತ್ತಿದ್ದವು, ಆದರೂ ಹತ್ತಿದೆ. ಮೆಟ್ಟಿಲು ಕತ್ತಲು, ಬಾವಲಿಗಳ ವಾಸನೆ. ಮೇಲೆ ಹೋಗಿ ತಂಪು ಗೋಡೆಗೆ ಕಿವಿ ಇಟ್ಟೆ. ಯಾರೋ ಓಡಿ ಹತ್ತಿ ಬಂದು ಏದುಸಿರು ಬಿಡುವುದು ಕೇಳಿಸಿತು. ಪುಟ್ಟ ಪುಟ್ಟ ಉಸಿರು. ನಿನ್ನದೇ ಉಸಿರು ಸುತ್ತಿ ಬರುತ್ತದೆ, ಹುಚ್ಚಿ ಎಂದಳು ಅಕ್ಕ. ನಾನು ಉಸಿರು ಹಿಡಿದು ಮತ್ತೆ ಕಿವಿ ಇಟ್ಟೆ. ಅದು ಇನ್ನೂ ಏದುಸಿರು ಬಿಡುತ್ತಿತ್ತು.

ಬರುವಾಗ ಸೀಟಿನಲ್ಲಿ ಜಾಗ ಬೇಕಾದಷ್ಟಿತ್ತು. ನಾನು ಕಾಲು ಚಾಚಿ ಚೆನ್ನಾಗಿ ನಿದ್ದೆ ಮಾಡಿದೆ.

ಈಗ ಹೈದರಾಬಾದಿನಲ್ಲೇ, ತಾರ್ನಾಕದ ನಮ್ಮ ಮನೆಯಿಂದ ನನ್ನ ಮೊಮ್ಮಕ್ಕಳು ಕಾರಿನಲ್ಲಿ ತಾಜಮಹಲಿಗೆ ಹೊರಟಿದ್ದಾರೆ. ದಾರಿಯುದ್ದಕ್ಕೂ ಟೆಂಟ್ ಹಾಕಿ ಮಲಗುತ್ತಾರಂತೆ. ಟೆಂಟ್ ಕೊಡೆಯ ಹಾಗೆ ತಾನೇ ಬಿಚ್ಚಿಕೊಳ್ಳುತ್ತದೆ. ಎಲ್ಲಿ ತಿರುಗಬೇಕು, ಎಲ್ಲಿ ನೀರು, ಎಲ್ಲಿ ಪಾಯಿಖಾನೆ, ಎಲ್ಲ ಫೋನೇ ಹೇಳುತ್ತದೆ. ನಮಗೆ ಹೇಳುವವರು ಅಪ್ಪ ಮತ್ತು ಆಯಿ, ಇಬ್ಬರಿಗೂ ಎಂದೂ ಒಮ್ಮತ ಇರುತ್ತಿರಲಿಲ್ಲ. ಯಾವ ದಿನ ಹೊರಡಬಾರದು ಎಂದು ಈ ಮಕ್ಕಳು ಕೇಳುವುದೂ ಇಲ್ಲ, ರಜೆ ಸಿಕ್ಕ ದಿನವೇ ಒಳ್ಳೆಯ ದಿನ.

ಮಕ್ಕಳು ಹೊಸ ಮನೆ ಕಟ್ಟುವ ಜಾಗ ಊರಿನ ಪಡುವಣಕ್ಕಿದೆ. ಹೋದ ವಾರ ಇದೇ ಕಾರಿನಲ್ಲಿ ಹೋಗಿ ಅದನ್ನು ನೋಡಿಕೊಂಡು ಬಂದರು, ಆ ಗಾಜಿನ ಕಟ್ಟಡಗಳ ಕಡೆ, ನಮ್ಮ ಹಳೆಯ ಗಣಿಯ ಹತ್ತಿರ. ಬಂದವರು ನಿನ್ನೆ ಸಾಮಾನು ತುಂಬಿ ನೋಡಿದರು. ನಾನು ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕಾರು ಕುಂಯ್ ಕುಂಯ್ ಎಂದು ಕೂಗಲು ಶುರು ಮಾಡಿತು. ಹಿಂದಿನ ಸೀಟಿನಲ್ಲಿ ಯಾರೋ ಬೆಲ್ಟ್ ಹಾಕದೆ ಕೂತರೆ ಅದು ಹಾಗೆ ಕೂಗುತ್ತದಂತೆ. ಸೀಟಿನ ಮೇಲೆ ಏನೂ ಇರಲಿಲ್ಲ. ಮೊಮ್ಮಗ ಕೈಯಿಂದ ಒರೆಸಿದ, ತಟ್ಟಿದ, ಬಾಗಿಲು ಹಾಕಿ ತೆಗೆದ. ಸುಮ್ಮನಾಗಲಿಲ್ಲ. ಕಂಪನಿಗೆ ಒಯ್ದು ತೋರಿಸಬೇಕು, ಕೆಟ್ಟಿದೆ ಎಂದ.

"ಬೆಲ್ಟ್ ಹಾಕಪ್ಪಾ," ಎಂದೆ.

"ಯಾರಿಗೆ ಅಜ್ಜಿ? ಯಾರೂ ಇಲ್ಲಲ್ಲ."

"ಹಾಕು."

ಖಾಲಿ ಸೀಟಿಗೆ ಬೆಲ್ಟ್ ಹಾಕಿದ. ಕಾರು ಸುಮ್ಮನಾಯಿತು. ಮಕ್ಕಳು ನಕ್ಕರು. ನಮ್ಮ ಲಾರಿಗೆ ಬಾಯಿ ಇರಲಿಲ್ಲ, ನಮ್ಮ ತೊಡೆಗೇ ಗೊತ್ತಾಗಬೇಕಿತ್ತು. ಇವರ ಕಾರು ಪಾಪ, ಇರುವುದನ್ನು ಹೇಳುತ್ತದೆ. ನಾಳೆ ಹೊರಡುತ್ತಾರೆ. ಆ ಸೀಟಿನ ಮೇಲೆ ಚೀಲ ಹೇರಬೇಡಿ ಎಂದು ಹೇಳಿದ್ದೇನೆ.