ಬಿಸಿ ಕೇಕಿನ ವಾಸನೆ

ಆ ಕೇಕಿನಲ್ಲಿ ತತ್ತಿ ಇತ್ತು, ಗಿರಿಜಾ. ನಿನ್ನ ಮೂಗು ತಪ್ಪಿರಲಿಲ್ಲ. ಸುಳ್ಳು ಹೇಳಿದವಳು ನಾನು — ಅದೂ ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೂ ಗೊತ್ತಿದ್ದೂ.

ನಾಲ್ಕು ವರ್ಷ ಆಯಿತು. ಅಲ್ಲಿಂದ ಇಲ್ಲಿಯವರೆಗೆ ಮದುವೆ, ಕುಬಸ, ಮನೆಶಾಂತಿ ಅಂತ ನಾವಿಬ್ಬರೂ ಎಷ್ಟು ಸಲ ಎದುರುಬದುರು ಕೂತು ಉಂಡಿದ್ದೇವೋ. ಪ್ರತಿ ಸಲವೂ ‘ಅಕ್ಕಾ, ಆರಾಮ ಅದೀರಿಲ್ಲೋ?’ ಅಂತ ಮೊದಲು ಮಾತಾಡಿಸುವವಳು ನೀನೇ. ಆರಾಮ ಅನ್ನುತ್ತೇನೆ. ಆಮೇಲೆ ನಿನ್ನ ಮುಖ ನೋಡಲಾರದೆ ಎಲೆಯ ಮೇಲಿನ ಹೋಳಿಗೆಯನ್ನೇ ನೋಡುತ್ತ ಕೂಡುತ್ತೇನೆ. ಹೋಳಿಗೆಯ ಮೇಲೆ ನನಗೆ ಇಷ್ಟೊಂದು ಪ್ರೀತಿ ಯಾವಾಗಿನಿಂದ ಬಂತು ಅಂತ ನೀನು ಎಂದೂ ಕೇಳಲಿಲ್ಲ.

ನಿನಗೆ ಗೊತ್ತಿರುವುದು ಮಾನ್ವಿಯಲ್ಲಿ, ನಿಮ್ಮ ಪಡಸಾಲೆಯಲ್ಲಿ ನಡೆದದ್ದು ಮಾತ್ರ. ಅದಕ್ಕೂ ಮೊದಲಿನದು ರಾಯಚೂರಿನಲ್ಲಿ ನಮ್ಮ ಅಡುಗೆಮನೆಯಲ್ಲಿ ನಡೆದುಹೋಗಿತ್ತು. ಅದನ್ನು ಹೇಳುತ್ತೇನೆ.

ಅವತ್ತು ನನ್ನ ಮಗಳ ಹುಟ್ಟುಹಬ್ಬ. ಗೊಂಬೆ ಕೂಡಿಸಿದ ಕೇಕೇ ಬೇಕು ಅಂತ ಒಂದು ವಾರದಿಂದ ನನ್ನ ಜೀವ ತಿಂದಿದ್ದಳು. ತತ್ತಿ ಹಾಕದ್ದು ಬೇಕಾದರೆ ಹಿಂದಿನ ದಿನವೇ ಬೇಕರಿಗೆ ಹೇಳಿಡಬೇಕು — ಮರೆತಿದ್ದೆ. ಸಂಜೆ ಹೋದಾಗ ಗೊಂಬೆಯ ಕೇಕು ಒಂದೇ ಉಳಿದಿತ್ತು. ‘ಇದರಾಗ ತತ್ತಿ ಅದ ನೋಡ್ರಿ ಅಕ್ಕಾರ, ನಿಮಗ ನಡೀತದ?’ ಅಂತ ಬೇಕರಿಯವನು ಕೇಳಿಯೇ ಕೇಳಿದ. ನಡೀತದ ಅಂದೆ. ಅತ್ತೆ ಕೇಕು ಮುಟ್ಟುವವರಲ್ಲ, ತಣ್ಣಗಿದ್ದದ್ದು ಅವರ ಹಲ್ಲಿಗೆ ಆಗಿಬರುವುದಿಲ್ಲ, ಮಕ್ಕಳೇ ತಿಂದು ಮುಗಿಸುತ್ತವೆ — ದಾರಿಯುದ್ದಕ್ಕೂ ನನಗೆ ನಾನೇ ವಕೀಲಿಕೆ ಮಾಡಿಕೊಂಡು ಮನೆಗೆ ಬಂದೆ. ಮಕ್ಕಳೋ ಕ್ರೀಮು ನೆಕ್ಕಿ, ಗೊಂಬೆ ಕಿತ್ತುಕೊಂಡು ಓಡಿದವು. ಅರ್ಧ ಕೇಕು ಫ್ರಿಜ್ಜಿನಲ್ಲಿ ಉಳಿಯಿತು.

ನಮ್ಮ ಅತ್ತೆ ಎಂಥವರು ಅಂತ ನಿನಗೆ ಹೇಳಬೇಕಿಲ್ಲ. ಲಿಂಗಪೂಜೆ ಆಗದೆ ಒಂದು ಗುಟುಕು ನೀರನ್ನೂ ಕುಡಿಯುವವರಲ್ಲ. ಆದರೆ ಹೊಸ ವಸ್ತು ಕಂಡರೆ ಮಾತ್ರ ಚಿಕ್ಕ ಹುಡುಗಿ. ನನ್ನ ಗಂಡ ಮೈಕ್ರೋವೇವ್ ತಂದಾಗ ನಾನು ಅದರ ಪುಸ್ತಕ ಓದುತ್ತ ಕೂತಿದ್ದೆ. ಅವರು ಅಷ್ಟರೊಳಗೆ ಪುಂಡಿಪಲ್ಯ ಇಟ್ಟು ಒಳಗೆಲ್ಲ ಸಿಡಿಸಿ, ಒರೆಸಿ, ಮುಚ್ಚಳ ಮುಚ್ಚಬೇಕು ಅಂತ ಕಲಿತು ಮುಗಿಸಿದ್ದರು. ತಂಗಳ ರೊಟ್ಟಿಯನ್ನು ಹಸಿ ಅರಿವೆಯಲ್ಲಿ ಸುತ್ತಿಟ್ಟರೆ ಮೆತ್ತಗಾಗುತ್ತದೆ, ಹಾಗೇ ಇಟ್ಟರೆ ಚಪ್ಪಲಿಯಾಗುತ್ತದೆ ಅಂತ ಓಣಿಯವರಿಗೆಲ್ಲ ಪಾಠ ಹೇಳಿದವರು ಅವರೇ. ಮರುದಿನ ಮಧ್ಯಾಹ್ನ ಫ್ರಿಜ್ಜಿನ ಬಾಗಿಲು ತೆಗೆದು ನಿಂತು ಕೇಕನ್ನು ನೋಡಿದರು.

‘ಇದನ್ನ ಬಿಸಿ ಮಾಡಿದ್ರ ಮೆತ್ತಗ ಆಗ್ತದೇನು? ಇದರಾಗ ತತ್ತಿ-ಗಿತ್ತಿ ಇಲ್ಲ, ಹೌದಿಲ್ಲೋ?’

‘ಇಲ್ರಿ ಅತ್ತಿ’ ಅಂದೆ.

ಇಷ್ಟೇ. ಇಷ್ಟೇ ಮಾತು. ಇದೆ ಅಂದಿದ್ದರೆ ಏನಾಗುತ್ತಿತ್ತು? ಫ್ರಿಜ್ಜನ್ನೆಲ್ಲ ತೊಳೆಯಬೇಕಿತ್ತು, ಎರಡು ದಿನ ಮಾತು ಕೇಳಬೇಕಿತ್ತು. ಆ ಎರಡು ದಿನದ ಮಾತಿಗೆ ಹೆದರಿ...

ಅವರು ಮೇಲಿನ ಕ್ರೀಮು ಕೆರೆದು ತೆಗೆದರು. ಗಾಜಿನ ಬಟ್ಟಲಿನಲ್ಲಿ ತುಂಡು ಇಟ್ಟು, ಬೆರಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿ, ಚೂರೇ ಚೂರು ಬಿಸಿ ಮಾಡಿದರು. ಬಾಯಿಗೆ ಹಾಕಿಕೊಂಡವರು ಕಣ್ಣು ಮುಚ್ಚಿದರು. ‘ಯವ್ವಾ, ಗಿಣ್ಣ ಆಗ್ಯಾದ ನೋಡು ಇದು’ ಅಂದರು. ದೇವದುರ್ಗದ ತವರಿನಲ್ಲಿ ಎಮ್ಮೆ ಈದಾಗ ನಿನ್ನ ಅತ್ತೆ ಮತ್ತು ಇವರು, ಅಕ್ಕ-ತಂಗಿ ಇಬ್ಬರೂ ಒಂದೇ ಬಟ್ಟಲಲ್ಲಿ ಗಿಣ್ಣ ತಿನ್ನುತ್ತಿದ್ದ ಕತೆ ಶುರುವಾಯಿತು. ಕತೆ ಮುಗಿಯುವುದರೊಳಗೆ ತೀರ್ಮಾನವೂ ಆಗಿತ್ತು — ‘ನಮ್ಮಕ್ಕಗ ತಿನಿಸಬೇಕು ಇದನ್ನ. ನಾಳಿಗೆ ಮಾನ್ವಿಗೆ ಹೋಗೋಣ ನಡಿ.’

ಹೋದೆವು. ಬಸ್ಸಿನಲ್ಲಿ ಅವರು ಡಬ್ಬಿಯನ್ನು ತೊಡೆಯ ಮೇಲಿಂದ ಕೆಳಗಿಳಿಸಲಿಲ್ಲ. ನಾನು ಕಿಟಕಿಯ ಹೊರಗೆ ಭತ್ತದ ಗದ್ದೆ ನೋಡುತ್ತ, ಈಗ ಹೇಳಲೋ, ಇಳಿದ ಮೇಲೆ ಹೇಳಲೋ ಅಂದುಕೊಳ್ಳುತ್ತ — ಮಾನ್ವಿ ಬಂದೇಬಿಟ್ಟಿತು.

ಆಮೇಲಿನದು ನಿನ್ನ ಕಣ್ಣೆದುರೇ ನಡೆಯಿತು. ಆದರೂ ನನ್ನ ಬಾಯಿಂದ ಒಮ್ಮೆ ಬರಬೇಕು. ಪಡಸಾಲೆಯಲ್ಲಿ ಓಣಿಯ ಮೂರ್ನಾಲ್ಕು ಹೆಂಗಸರು ಕೂತಿದ್ದರು. ನಿನ್ನ ಅತ್ತೆ, ನಮ್ಮ ದೊಡ್ಡತ್ತೆ, ಮದುವೆಮನೆಗೂ ತಮ್ಮ ಬುತ್ತಿ ತಾವೇ ಒಯ್ಯುವವರು. ಹೊರಗಿನದು ಅಂದಕೂಡಲೇ ಹಿಂದೆ ಸರಿದರು. ‘ನನ್ನ ಸೊಸಿ ಹೇಳ್ಯಾಳ, ತತ್ತಿ ಇಲ್ಲ’ ಅಂದರು ನಮ್ಮ ಅತ್ತೆ. ನಿನ್ನ ಸಂಬಳದಲ್ಲಿ ನೀನು ಕೊಂಡ ಮೈಕ್ರೋವೇವಿನಲ್ಲಿ ತಾವೇ ನಿಂತು ಬಿಸಿ ಮಾಡಿದರು. ತಣ್ಣಗಿದ್ದಾಗ ಎಸೆನ್ಸಿನ ಘಮವೊಂದೇ ಇತ್ತು. ಬಿಸಿ ತಾಗಿದ ಮೇಲೆ, ಬಾಗಿಲು ತೆಗೆದಾಗ, ಅದರ ಅಡಿಯಿಂದ ಇನ್ನೊಂದು ವಾಸನೆ ಎದ್ದು ಬಂತು. ಆ ಮನೆಯಲ್ಲಿ ಅದನ್ನು ಗುರುತಿಸಬಲ್ಲವರು ಇಬ್ಬರೇ. ತತ್ತಿ ಇದೆ ಅಂತ ಮೊದಲೇ ಗೊತ್ತಿದ್ದ ನಾನು, ಮತ್ತು ನೀನು.

‘ಸಣ್ಣತ್ತಿ, ತಡೀರಿ. ಇದರಾಗ ತತ್ತಿ ಅದ ಅನಸ್ತದ’ ಅಂದೆ ನೀನು.

‘ತತ್ತಿ ವಾಸನಿ ನಿನಗ ಹೆಂಗ ಗೊತ್ತು?’ ಅಂದರು ದೊಡ್ಡತ್ತೆ.

ಅಲ್ಲಿ ನೀನು ಜಾರಿಕೊಳ್ಳಬಹುದಿತ್ತು. ಎಲ್ಲೋ ಬಸ್ ಸ್ಟ್ಯಾಂಡಿನಲ್ಲಿ ಮೂಗಿಗೆ ಬಡಿದಿತ್ತು ಅನ್ನಬಹುದಿತ್ತು. ನನ್ನಂಥವಳಾಗಿದ್ದರೆ ಹತ್ತು ನೆಪ ಸಿಗುತ್ತಿದ್ದವು. ಸಿರವಾರದ ಕಡೆಯ ಹಳ್ಳಿಶಾಲೆಯಲ್ಲಿ ನೀನು ಟೀಚರ್ ಅನ್ನುವುದು ಅವರಿಗೆ ಗೊತ್ತಿತ್ತೇ ಹೊರತು, ಬಿಸಿಯೂಟದ ಹೊತ್ತಿನಲ್ಲಿ ನೀನು ಏನು ಮಾಡುತ್ತಿ ಅನ್ನುವುದು ಗೊತ್ತಿರಲಿಲ್ಲ.

‘ಸಾಲ್ಯಾಗ ಸಣ್ಣ ಮಕ್ಕಳಿಗೆ ನಾನೇ ಸುಲಿದು ಕೊಡ್ತೀನ್ರಿ ಅತ್ತಿ’ ಅಂದೆ ನೀನು.

ಎಷ್ಟು ಸೀದಾ ಹೇಳಿದೆ, ಗಿರಿಜಾ. ಇವತ್ತಿಗೂ ನನಗೆ ಬೆರಗು. ಎದುರಿನವರ ನೇಮ ಕೆಡಬಾರದು ಅಂತ ನಿನ್ನ ಗುಟ್ಟನ್ನೇ ಬಿಟ್ಟುಕೊಟ್ಟೆ. ‘ಅದೇ ಕೈಲೆ ನನ್ನ ಪೂಜಿ ಸಾಮಾನು ಮುಟ್ಟಿದಿ?’ ಅಂತ ದೊಡ್ಡತ್ತೆ ಬಟ್ಟಲು ದೂಡಿ ಎದ್ದರು. ನಮ್ಮ ಅತ್ತೆಗೆ ಸಿಟ್ಟು ನೆತ್ತಿಗೇರಿತ್ತು. ‘ನಿನ್ನ ಕೈಗೆ ಹತ್ತಿದ ವಾಸನಿ ನನ್ನ ಸೊಸಿ ಮ್ಯಾಲೆ ಹಾಕಬ್ಯಾಡ. ಆಕಿ ಸುಳ್ಳ ಹೇಳಾಕಿ ಅಲ್ಲ’ ಅಂದು, ಎಲ್ಲರೆದುರು, ನನ್ನ ಮಾತಿನ ಸಾಕ್ಷಿಗೆ ಆ ತುಂಡನ್ನು ಬಾಯಿಗೆ ಹಾಕಿಕೊಂಡರು.

ಆಗ ನೀನು ನನ್ನ ಕಡೆ ನೋಡಿದೆ. ಸಿಟ್ಟಿನಿಂದಲ್ಲ. ಕಾದೆ. ನಾನು ಬಾಯಿ ತೆರೆಯುತ್ತೇನೆ ಅಂತ ಕಾದೆ. ನಾನು ಬಗ್ಗಿ ಬಟ್ಟಲುಗಳನ್ನು ಎತ್ತಿಡತೊಡಗಿದೆ.

ದೊಡ್ಡತ್ತೆ ಅವತ್ತು ತಿನ್ನಲಿಲ್ಲ. ಅವರ ನೇಮ ಉಳಿದದ್ದು ನಿನ್ನಿಂದ. ಅದು ಅವರಿಗೆ ಇನ್ನೂ ಗೊತ್ತಿಲ್ಲ. ಶಾಲೆಯ ಆ ಕೆಲಸ ಬಿಡು, ಇಲ್ಲ ನನ್ನ ಒಲೆ ಬಿಡು ಅಂದರಂತೆ. ‘ಮಕ್ಕಳು ಹಸದಿರ್ತಾವ್ರಿ, ಅದನ್ನ ಬಿಡಂಗಿಲ್ಲ’ ಅಂದೆಯಂತೆ ನೀನು. ಅಂದಿನಿಂದ ಶಾಲೆಯಿಂದ ಬಂದು ತಲೆಮೇಲೆ ನೀರು ಹಾಕಿಕೊಂಡೇ ಒಳಗೆ ಬರುತ್ತಿ, ಚಳಿಗಾಲದಲ್ಲೂ. ಆದರೂ ದೊಡ್ಡತ್ತೆ ತಮ್ಮ ಅನ್ನ ತಾವೇ ಮಾಡಿಕೊಳ್ಳುತ್ತಾರೆ. ಓಣಿಯಲ್ಲಿ ನೀನು ‘ಮಂದಿ ಮ್ಯಾಲೆ ತಪ್ಪು ಹೊರಸಾಕಿ’ ಆದೆ. ಇಲ್ಲಿ ರಾಯಚೂರಿನಲ್ಲಿ ನಾನು ಎಂದೂ ಸುಳ್ಳಾಡದ ಸೊಸೆಯಾಗಿ ಮೆರೆದೆ. ಫೋನಿನಲ್ಲಿ ಕೇಳಿದ್ದನ್ನೆಲ್ಲ ನಮ್ಮ ಅತ್ತೆ ನನಗೆ ಹೇಳುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ.

ಹೇಳಿದರೆ ಅತ್ತೆಯ ಜೀವ ನೊಂದೀತು, ಗೊತ್ತಿಲ್ಲದೆ ತಿಂದದ್ದನ್ನು ಯಾಕೆ ತಿಳಿಸಬೇಕು — ಇದು ನನ್ನ ದೊಡ್ಡ ನೆಪ. ನೋಡಲು ದಯೆಯಂತೆ ಕಾಣುವ ನೆಪ, ಅದಕ್ಕೇ ನಾಲ್ಕು ವರ್ಷ ಬಾಳಿತು.

ಹೋದ ತಿಂಗಳು ಸಿರವಾರದ ಮದುವೆಗೆ ಹೋಗುವಾಗ ಆಟೋ ನಿನ್ನ ಶಾಲೆಯ ಮುಂದೆಯೇ ಕೆಟ್ಟು ನಿಂತಿತು. ಕಂಪೌಂಡಿನ ಆಚೆಯಿಂದ ನಿನ್ನನ್ನು ನೋಡಿದೆ. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಒಂದು ಕೂಸನ್ನು ಬಾಜೂ ಕೂಡಿಸಿಕೊಂಡು ನೀನು ತತ್ತಿ ಸುಲಿಯುತ್ತಿದ್ದೆ. ಉಪ್ಪು ಹಚ್ಚಿ, ಚೂರು ಮಾಡಿ, ಒಂದೊಂದೇ ಬಾಯಿಗಿಡುತ್ತಿದ್ದೆ. ಅದು ಬೇಡ ಅಂದರೆ ಏನೋ ಹೇಳಿ ನಗಿಸುತ್ತಿದ್ದೆ. ನನ್ನನ್ನು ಕಂಡಾಗ ನೀನು ಕೈ ಮುಚ್ಚಿಟ್ಟುಕೊಳ್ಳಲಿಲ್ಲ, ಅದೇ ಕೈ ಎತ್ತಿ ‘ಬರ್ರಿ ಅಕ್ಕಾ’ ಅಂದೆ. ಯಾವ ಕೈಗೆ ನಾನು ಮೈಲಿಗೆ ಅಂಟಿಸಿದ್ದೆನೋ ಅದೇ ಕೈ. ನನಗೆ ನಿನ್ನಷ್ಟು ದೊಡ್ಡವಳನ್ನು ಕಂಡ ನೆನಪಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿಬಿಟ್ಟೆ. ಬೇಕರಿಯಿಂದ ಹಿಡಿದು ಎಲ್ಲ.

ಅವರು ಬೈಯಲಿಲ್ಲ. ಎದ್ದು ಸ್ನಾನ ಮಾಡಿ ಪೂಜೆಗೆ ಕೂತರು. ಬಹಳ ಹೊತ್ತು ಕೂತರು. ಊಟಕ್ಕೆ ಕರೆದರೆ ಬರಲಿಲ್ಲ. ಸಂಜೆಗೆ ತಾವೇ ನನ್ನನ್ನು ಕರೆದರು. ‘ಹೊಟ್ಟ್ಯಾಗ ಹೋದದ್ದು ಹೋತು, ಅದನ್ನ ಶಿವ ನೋಡ್ಕೋತಾನ. ಆ ಹುಡುಗಿ ಮ್ಯಾಲೆ ನಾ ಹಾಕಿದ ಮಾತು ಇನ್ನಾ ಹಂಗೇ ಅದ. ಮಾನ್ವಿಗೆ ನಡಿ’ ಅಂದರು. ಮತ್ತೆ ಅಂದರು: ‘ನಾನೂ ಬರ್ತೀನಿ. ಆದ್ರ ಈ ಸಲ ನಿನ್ನ ಪರವಾಗಿ ಒಂದು ಮಾತೂ ಆಡಂಗಿಲ್ಲ.’

ಅದು ಸರಿಯಾಗಿ ನಾಟಿತು. ನಾಟಬೇಕಾದದ್ದೇ.

ದೊಡ್ಡತ್ತೆಗೆ ನಾನೇ ಫೋನ್ ಮಾಡಿದ್ದೇನೆ. ಭಾನುವಾರ ಬರುತ್ತೇವೆ, ಅವತ್ತು ಪಡಸಾಲೆಯಲ್ಲಿ ಇದ್ದವರನ್ನೆಲ್ಲ ಕರೆಯಿರಿ ಅಂತ ಹೇಳಿದ್ದೇನೆ. ಇನ್ನು ಹಿಂದೆ ಸರಿಯಲು ನನಗೆ ಜಾಗ ಇಟ್ಟುಕೊಂಡಿಲ್ಲ.

ಅದಕ್ಕೂ ಮೊದಲು ನಿನಗೆ ಮಾತ್ರ ಹೇಳಬೇಕಾದದ್ದು ಒಂದಿದೆ. ಹೆದರಿ ಸುಮ್ಮನಿದ್ದೆ ಅಂತ ನೀನು ತಿಳಿದಿರಬಹುದು. ಒಳ್ಳೆಯವಳು, ಹಾಗೇ ತಿಳಿದಿರುತ್ತಿ. ರಾಯಚೂರಿನಲ್ಲಿ ಹೆದರಿದ್ದು ಖರೆ. ಆದರೆ ಮಾನ್ವಿಯಲ್ಲಿ, ಅಷ್ಟು ಮಂದಿಯ ಮುಂದೆ, ‘ಆಕಿ ಸುಳ್ಳ ಹೇಳಾಕಿ ಅಲ್ಲ’ ಅಂತ ಅತ್ತೆ ಅಂದಾಗ ನನಗೆ ಹೆದರಿಕೆ ಆಗಲಿಲ್ಲ, ಗಿರಿಜಾ. ಹಿಗ್ಗು ಆಯಿತು. ಓದಿದವಳು, ಸಂಬಳ ತರುವವಳು, ಎಲ್ಲರ ಬಾಯಲ್ಲಿ ಹೊಗಳಿಸಿಕೊಳ್ಳುವ ನೀನು ತಲೆ ತಗ್ಗಿಸಿ ನಿಂತಿದ್ದೆ. ಒಂದು ಗಳಿಗೆ ನಾನು ನಿನಗಿಂತ ಮೇಲೆ ಇದ್ದೆ. ಆ ಗಳಿಗೆ ನನಗೆ ರುಚಿಸಿತು. ಭಾನುವಾರ ಇದನ್ನೂ ಹೇಳುತ್ತೇನೆ.

ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತಿ, ಅದು ನನಗೆ ಬಲು ಸಸ್ತಾ ಆಗುತ್ತದೆ. ಒಂದೇ ಮಾತು. ಮಂದಿ ಬಂದ ಮೇಲೆ ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗಬೇಡ. ಚಹಾ ನಾನು ಮಾಡುತ್ತೇನೆ. ನೀನು ಪಡಸಾಲೆಯಲ್ಲಿ, ದೊಡ್ಡತ್ತೆಯ ಬಾಜೂ ಕೂತಿರು.