ಆ ಲೈಬ್ರರಿ ಬದಲಿಸಿದವನು ನಾನೇ

ರಜಿಯಾ, ಕಂಪ್ಯೂಟರಿನಲ್ಲಿದ್ದ ಆ ಲೈಬ್ರರಿ ಬದಲಿಸಿದವನು ನಾನೇ. ನಿನ್ನ ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ. ಆರು ವರ್ಷದಿಂದ ಇದು ನನಗೆ ಗೊತ್ತು.

ಇಳಕಲ್ಲಿನ ಆ ಸೀರೆ ಕಾರ್ಖಾನೆಯಲ್ಲಿ ಲಿನಕ್ಸ್ ಕಂಪ್ಯೂಟರು ನನ್ನ ಸುಪರ್ದಿಯಲ್ಲಿತ್ತು. ಅಂಚಿನ ಚಿತ್ರವನ್ನು ಮಗ್ಗ ನಡೆಸುವ ತೂತಿನ ಪಂಚ್ ಕಾರ್ಡಿಗೆ ಇಳಿಸುವ ಪ್ರೋಗ್ರಾಮು ಬರೆದವಳು ನೀನು. ಚಿತ್ರ ಓದಲು ಅದು ಹಳೆಯ ಲೈಬ್ರರಿಯೊಂದನ್ನು ನೆಚ್ಚಿಕೊಂಡಿತ್ತು. ಯಾರೋ ಬರೆದಿಟ್ಟ ಆ ಸಿದ್ಧ ಕೋಡೇ ಬೇರೆ ಪ್ರೋಗ್ರಾಮುಗಳಿಗೂ ಆಸರೆ. ಅಕ್ಕನ ಹೆರಿಗೆಗೆಂದು ಬಾದಾಮಿಗೆ ಹೊರಟಾಗ ನೀನು ಹೇಳಿದ್ದೆ: "ಅಣ್ಣಾ, ಅದೊಂದನ್ನ ಅಪ್‌ಗ್ರೇಡ್ ಮಾಡಬ್ಯಾಡ್ರಿ. ನನ್ನ ಪ್ರೋಗ್ರಾಮ್ ಅದರ ಮ್ಯಾಲೇ ನಿಂತೈತಿ."

ನಾನು ಹೂಂ ಎಂದಿದ್ದೆ. ಎರಡು ದಿನಕ್ಕೆ ಹೊಸ ಸ್ಕ್ಯಾನರು ಬಂತು. ಅದರ ಸಾಫ್ಟ್‌ವೇರಿಗೆ ಆ ಲೈಬ್ರರಿಯ ಹೊಸ ಆವೃತ್ತಿಯೇ ಬೇಕಿತ್ತು. ಹಾಕಿದೆ — ಏನಾದೀತು ಎಂದು. ನಿನಗೊಂದು ಫೋನು ಮಾಡಬಹುದಿತ್ತು...

ನಿನ್ನ ಪ್ರೋಗ್ರಾಮು ನಿಂತುಹೋಗಿದ್ದರೆ ಒಳ್ಳೆಯದಿತ್ತು. ನಿಲ್ಲಲಿಲ್ಲ. ಚಿತ್ರದ ಸಾಲುಗಳನ್ನು ತಪ್ಪಾಗಿ ಓದಿ, ಸದ್ದಿಲ್ಲದೆ ತಪ್ಪು ಕಾರ್ಡು ಕೊಟ್ಟಿತು. ನೇಕಾರ ಶಂಕ್ರಪ್ಪ ಮಗಳ ಮದುವೆಗೆಂದು ತಾವೇ ಕೂತು ನೇಯುತ್ತಿದ್ದ ಸೀರೆ ಅದು. ಕಣ್ಣು ಮಂಜಾದ ಅವರಿಗೆ ನಾಲ್ಕು ದಿನ ನೇಯ್ದ ಮೇಲೆ ಅಂಚು ಕೆಟ್ಟದ್ದು ತಿಳಿಯಿತು. ಕತ್ತರಿಸಿ ತೆಗೆಯಬೇಕಾಯಿತು.

ಯಜಮಾನರು ಕೇಳಿದಾಗ, "ರಜಿಯಾಳ ಪ್ರೋಗ್ರಾಮ್ ಕಚ್ಚಾ ಐತ್ರಿ" ಎಂದೆ. ಆಮೇಲೆ ಸ್ಕ್ಯಾನರನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ, ಹಳೆಯ ಲೈಬ್ರರಿಯನ್ನೇ ತಿರುಗಿ ಹಾಕಿ, ಬದಲಿಸಿದ ಗುರುತು ಅಳಿಸಿದೆ. ಎಲ್ಲ ಸರಿಹೋಯಿತು. ನಿನ್ನ ತಪ್ಪು ಸರಿಮಾಡಿದೆನೆಂದು ನನ್ನನ್ನು ಹೊಗಳಿದರು — ಹೊಗಳಿಸಿಕೊಂಡೆ.

ನೀನು ಬಂದು ಕೇಳಿದೆ: "ಅಣ್ಣಾ, ನೀವೇನರ ಮುಟ್ಟಿದ್ರೇನು?"

"ಇಲ್ಲವ್ವಾ."

ನೀನು ನಂಬಿದೆ. ಮೂರು ದಿನ ಕೂತು, ಬರೆದದ್ದನ್ನೆಲ್ಲ ಸಾಲುಸಾಲಾಗಿ ಹುಡುಕಿದೆ — ಇಲ್ಲದ ತಪ್ಪಿಗಾಗಿ. ಪಕ್ಕದ ಕುರ್ಚಿಯಲ್ಲಿ ನಾನು ಚಹಾ ಕುಡಿಯುತ್ತಿದ್ದೆ. "ಎಲ್ಲಿ ತಪ್ಪೈತಿ ತಿಳೀವಲ್ದು. ಆದ್ರ ನಂದೇ ಇರಬೇಕು" ಎಂದು ನೀನು ಕೆಲಸ ಬಿಟ್ಟೆ. ನಿನ್ನ ಕೆಲಸ ಹೋದದ್ದಕ್ಕಿಂತ, ನಿನ್ನ ಮೇಲೆ ನಿನಗಿದ್ದ ನಂಬಿಕೆ —

ಹೋದ ವಾರ ಯಜಮಾನರಿಗೆ ಹೇಳಿದೆ. "ಆದದ್ದಾತು, ಬಿಡು" ಎಂದರು. ಅಷ್ಟು ಸುಲಭ. ಶಂಕ್ರಪ್ಪನವರ ಮನೆಗೂ ಹೋದೆ. ಅವರು ಲಾಳಿ ನಿಲ್ಲಿಸಲಿಲ್ಲ.

"ಆಕಿ ನನ್ನ ಮುಂದ ಕೈ ಮುಗದು ಅತ್ತು ಹೋದ್ಲು. ನನಗ್ಯಾಕ ಹೇಳ್ತಿ? ಆಕಿಗೆ ಹೇಳು."

ನೀನೀಗ ಹುನಗುಂದದಲ್ಲಿ ಹೊಲಿಗೆ ಕಲಿಸುತ್ತೀಯಂತೆ. ಕಂಪ್ಯೂಟರು ಮುಟ್ಟುವುದೇ ಇಲ್ಲವಂತೆ. ನಾಳೆ ಬರುತ್ತೇನೆ. ಈ ಕಾಗದ ಕೈಗಿತ್ತು ತಪ್ಪಿಸಿಕೊಳ್ಳುವುದಿಲ್ಲ, ಬಾಯಿಬಿಟ್ಟು ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ, ಓಣಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ.